ಚುರುಕು ಮಗುವಿಗೆ ‘ಡಬಲ್ ಪ್ರಮೋಷನ್’ ಕೊಡ್ತೀವಿ ಎಂದು ಶಾಲೆ ಹೇಳಿದರೆ ಅಡ್ವಾನ್ಸ್ ಕಟ್ಟುವ ಮೊದಲು ಇದನ್ನು ಓದಿ

“ನಿಮ್ಮ ಮಗು ತುಂಬಾ ಬ್ರೈಟ್, ನೇರ ಎರಡನೇ ಕ್ಲಾಸಿಗೇ ಕೂರಿಸ್ತೀವಿ.” ದಾಖಲಾತಿ ಸಮಯದಲ್ಲಿ ಈ ಮಾತು ಕೇಳಿ ಮರುಳಾಗಬೇಡಿ.

ಯುಕೆಜಿ ಮುಗಿಸಿದ ಹುಡುಗಿಯೊಬ್ಬಳಿಗೆ ಆದದ್ದು ನೋಡಿ. ಕನ್ನಡ, ಇಂಗ್ಲಿಷ್ ಎರಡನ್ನೂ ಸರಾಗ ಓದುತ್ತಿದ್ದಳು. ಇಪ್ಪತ್ತರವರೆಗೆ ಮಗ್ಗಿ ಬಾಯಿಗೆ ಬರುತ್ತಿತ್ತು. ಖಾಸಗಿ ಶಾಲೆಯವರು ಅರ್ಧ ಗಂಟೆ ಪರೀಕ್ಷೆ ಮಾಡಿ, ಹತ್ತೂ ಬೆರಳಿನ ಅಚ್ಚು ತೆಗೆದು, ಬಣ್ಣದ ರಿಪೋರ್ಟ್ ಕೊಟ್ಟು, ಒಂದನೇ ತರಗತಿ ಹಾರಿಸಿದರು. ದಸರಾ ರಜೆ ಮುಗಿಯುವಷ್ಟರಲ್ಲಿ ದಿನಾ ಬೆಳಿಗ್ಗೆ ಹೊಟ್ಟೆನೋವು, ಅಳು.

ಕಾರಣ ಬುದ್ಧಿಯ ಕೊರತೆಯಲ್ಲ, ಕೈ. ಓದು ಎಷ್ಟೇ ಮುಂದಿದ್ದರೂ ಬೆರಳಿನ ಹಿಡಿತ ವಯಸ್ಸಿಗೆ ತಕ್ಕಂತೆಯೇ ಬೆಳೆಯುತ್ತದೆ. ಉಳಿದವರು ಅರ್ಧ ಪುಟ ಮುಗಿಸುವಾಗ ಈಕೆ ಮೂರನೇ ಸಾಲಿನಲ್ಲಿದ್ದಳು, ಅಷ್ಟರಲ್ಲಿ ಬೋರ್ಡ್ ಒರೆಸಿಯಾಗುತ್ತಿತ್ತು. ನೋಟ್ಸ್ ತುಂಬ ಕೆಂಪು ಶಾಯಿ. ಗಣಿತದಲ್ಲಿ 52ರಿಂದ 27 ಕಳೆದರೆ 35 ಎಂದು ಬರೆಯುತ್ತಿದ್ದಳು: 2ರಿಂದ 7 ಹೋಗದಾಗ ಹತ್ತು ಸಾಲ ಪಡೆಯದೆ, ತಿರುವುಮುರುವಾಗಿ 7ರಿಂದ 2 ಕಳೆದುಬಿಡುವ ತಪ್ಪು. ಕಡ್ಡಿಗಳನ್ನು ಹತ್ತರ ಕಟ್ಟು ಮಾಡಿ ಬಿಚ್ಚಿ ಕಲಿಯುವ ವರ್ಷವೇ ಹಾರಿಹೋಗಿತ್ತು. ಬಾಯಿಪಾಠದ ಮಗ್ಗಿ ಆ ಕೊರತೆಯನ್ನು ಮುಚ್ಚಿಟ್ಟಿತ್ತು. ಶಾಲೆ ಬಿಡಿಸಹೋದಾಗ ಇನ್ನೊಂದು ಆಘಾತ: ಕೂತದ್ದು ಎರಡನೇ ತರಗತಿಯಲ್ಲಿ, ಎಸ್‌ಎಟಿಎಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ)ನಲ್ಲಿ ಇದ್ದದ್ದು ಒಂದನೆಯದು. ಬಾಯಿಮಾತಿನ ಬಡ್ತಿಯನ್ನು ಮುಂದಿನ ಶಾಲೆ ಒಪ್ಪಲಿಲ್ಲ.

ಬೆರಳಚ್ಚಿನ ‘ಡಿಎಂಐಟಿ’ ಪರೀಕ್ಷೆಗೆ ಒಂದು ರೂಪಾಯಿಯೂ ಕೊಡಬೇಡಿ. ಬೆರಳಿನ ಗೆರೆ ಗರ್ಭದಲ್ಲೇ ಮೂಡಿ ನಿಲ್ಲುತ್ತದೆ, ಅದರಿಂದ ಬುದ್ಧಿ ಅಳೆಯಲು ಆಗುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೇನ್’ ಕೋರ್ಸೂ ಮೋಸವೇ, ಮಗು ಮೂಗಿನ ಪಕ್ಕದ ಸಂದಿನಲ್ಲಿ ನೋಡುತ್ತಿರುತ್ತದೆ. ಅಳೆಯಲೇಬೇಕೆಂದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಹೋಗಿ. ಬಿನೆ-ಕಾಮತ್ ಬುದ್ಧಿಮತ್ತೆ ಪರೀಕ್ಷೆಯನ್ನು ಧಾರವಾಡದ ಮಕ್ಕಳಿಗೆಂದು ವಿ. ವಿ. ಕಾಮತ್ ಕನ್ನಡ, ಮರಾಠಿಗಳಲ್ಲಿ ಹೊಂದಿಸಿದ್ದರು. ಆರು ದಾಟಿದವರಿಗೆ ಮಾಲಿನ್ ಪರೀಕ್ಷೆಯೂ ಇದೆ. ಒಂದೇ ಐಕ್ಯೂ ಅಂಕಿ ಸಾಲದು, ಉಪಪರೀಕ್ಷೆಗಳ ಅಂಕಗಳನ್ನೂ ಕೇಳಿ ಪಡೆಯಿರಿ. ಮಾತು ಎಷ್ಟು ಮುಂದೆ, ಕೈಕೆಲಸ ಎಷ್ಟು ಹಿಂದೆ ಎಂಬುದು ಗೊತ್ತಾಗುವುದು ಅಲ್ಲಿಯೇ.

ಇನ್ನು, ಒಂದನೇ ತರಗತಿಗೆ ಪ್ರವೇಶ ಪರೀಕ್ಷೆಯೇ ಕಾನೂನುಬಾಹಿರ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮಗುವನ್ನಾಗಲಿ ಪೋಷಕರನ್ನಾಗಲಿ ಜರಡಿ ಹಿಡಿದರೆ ಮೊದಲ ಸಲ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲ 50,000ದವರೆಗೆ ದಂಡ. ಅದನ್ನೇ ಹೆಮ್ಮೆಯಿಂದ ಮಾಡುವ ಶಾಲೆ ಬೇರೆ ನಿಯಮ ಪಾಲಿಸೀತೆಂದು ನಂಬುವುದು ಹೇಗೆ?

ಕೇಳಬೇಕಾದದ್ದು ಬೇರೆಯೇ ಇದೆ. ಮಗು ತನ್ನ ವಯಸ್ಸಿನವರ ಜೊತೆಯಲ್ಲೇ ಇರಲಿ, ಗಣಿತದ ಪಿರಿಯಡ್‌ಗೆ ಮಾತ್ರ ಮೇಲಿನ ತರಗತಿಗೆ ಕಳಿಸುತ್ತೀರಾ? ಎರಡೂ ತರಗತಿಯ ವೇಳಾಪಟ್ಟಿಯಲ್ಲಿ ಗಣಿತ ಒಂದೇ ಹೊತ್ತಿಗೆ ಇದ್ದರೆ ಮಾತ್ರ ಇದು ನಡೆಯುತ್ತದೆ, ಆದ್ದರಿಂದ ವೇಳಾಪಟ್ಟಿ ತೋರಿಸಿ ಎನ್ನಿ. ಕೆಲಸ ಬೇಗ ಮುಗಿಸಿದವರಿಗೆ ಏನು ಕೊಡುತ್ತೀರಿ? “ಇನ್ನೂ ಹತ್ತು ಲೆಕ್ಕ” ಎಂದರೆ ಅದು ಶಿಕ್ಷೆ. ಗ್ರಂಥಾಲಯ, ಒಗಟು, ಹೊಸ ಬಗೆಯ ಲೆಕ್ಕ ಎಂದರೆ ಒಳ್ಳೆಯ ಸೂಚನೆ. ಈ ಪ್ರಶ್ನೆಗಳನ್ನು ಅಡ್ಮಿಷನ್ ಕೌನ್ಸೆಲರ್‌ಗಲ್ಲ, ಕ್ಲಾಸ್ ಟೀಚರ್‌ಗೆ ಕೇಳಿ.

ಎರಡು ತರಗತಿ ಹಾರಿಸುವ ಆಸೆ ಇರುವವರು ಲೆಕ್ಕ ಹಾಕಿ ನೋಡಿ: ನೀಟ್ ಬರೆಯಲು ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಮೇ ತಿಂಗಳಲ್ಲಿ ಆರು ತುಂಬಿ ಒಂದನೇ ತರಗತಿಗೆ ಸೇರಿ ಎರಡು ವರ್ಷ ಹಾರಿದ ಮಗುವಿಗೆ ಪಿಯು ಮುಗಿದ ವರ್ಷ 16 ಅಷ್ಟೇ.

ಒಂದು ತರಗತಿ ಹಾರಿಸಲೇಬೇಕು ಎಂದಾದರೆ ಮೂರು ತಿಂಗಳ ಪ್ರಯೋಗ, ವಾಪಸ್ ಬರುವ ಅವಕಾಶ, ಎಸ್‌ಎಟಿಎಸ್‌ನಲ್ಲಿ ಯಾವ ತರಗತಿ ಎಂಬುದು, ಇವು ಮೂರನ್ನೂ ಮುಖ್ಯೋಪಾಧ್ಯಾಯರ ಸಹಿ, ಮೊಹರಿನೊಂದಿಗೆ ಬರಹದಲ್ಲಿ ಪಡೆದ ಮೇಲಷ್ಟೇ ಶುಲ್ಕ ಕಟ್ಟಿ.