32 ಔನ್ಸ್ ಕೋಲಾ ಕಪ್: ಕುಡಿಯುವವರಿಗೂ ಕಾನೂನು ಮಾಡುವವರಿಗೂ

ಸಿರಪ್‌ಗೆ ಸೋಡಾ ನೀರು ಬೆರೆಸಿ ಸ್ಥಳದಲ್ಲೇ ಕೋಲಾ ಸುರಿಯುವ ಫೌಂಟನ್ ಯಂತ್ರದಿಂದ ತುಂಬಿಕೊಡುವ ದೊಡ್ಡ ಕಪ್‌ನ ಅಳತೆ 32 ಔನ್ಸ್, ಅಂದರೆ 946 ಮಿ.ಲೀ. ಮಾಮೂಲಿ ಕೋಲಾದಲ್ಲಿ 100 ಮಿ.ಲೀ.ಗೆ ಸುಮಾರು 10.6 ಗ್ರಾಂ ಸಕ್ಕರೆ ಇರುತ್ತದೆ. ಐಸ್ ಹಾಕದೆ ಅಂಚಿನವರೆಗೆ ತುಂಬಿಸಿಕೊಂಡರೆ 100 ಗ್ರಾಂ, ಅಂದರೆ 25 ಟೀ ಚಮಚ. ದಿನಕ್ಕೆ 2,000 ಕ್ಯಾಲೊರಿ ಸೇವಿಸುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 50 ಗ್ರಾಂ, ಅದೂ 25ಕ್ಕೆ ಇಳಿದರೆ ಇನ್ನೂ ಒಳ್ಳೆಯದು. ಎರಡು ದಿನದ ಸಕ್ಕರೆ ಒಂದೇ ಸ್ಟ್ರಾದಲ್ಲಿ ಒಳಗೆ ಹೋಗುತ್ತದೆ.

ರುಚಿಗೂ ಈ ಗಾತ್ರ ಒಗ್ಗುವುದಿಲ್ಲ. ಇಷ್ಟು ಸಕ್ಕರೆ ನಾಲಿಗೆಗೆ ಹೊಡೆಯದಿರುವುದು ತಣ್ಣಗಿರುವುದರಿಂದ, ಜೊತೆಗೆ ಹುಳಿ ಮತ್ತು ಗ್ಯಾಸ್ ಇರುವುದರಿಂದ. ನಿಧಾನವಾಗಿ ಕುಡಿಯುವಷ್ಟರಲ್ಲಿ ಚಳಿ ಬಿಟ್ಟು, ಗ್ಯಾಸ್ ಹೋಗಿ, ಕೊನೆಯ ಕಾಲು ಭಾಗ ಬರೀ ಪಾನಕ. ಕಪ್ ತುಂಬ ಐಸ್ ಹಾಕಿಸಿಕೊಂಡರೆ ಮೂರನೇ ಒಂದು ಭಾಗದಷ್ಟು ಜಾಗ ಅದಕ್ಕೇ ಹೋಗುತ್ತದೆ. ಆಗ ಸಕ್ಕರೆ 65-70 ಗ್ರಾಂಗೆ ಇಳಿಯುತ್ತದೆ. ಫೌಂಟನ್‌ನಲ್ಲಿ ಸಾಮಾನ್ಯವಾಗಿ ಒಂದು ಪಾಲು ಸಿರಪ್‌ಗೆ ಐದು ಪಾಲು ಸೋಡಾ ನೀರು ಬೆರೆಯುತ್ತದೆ. ನೀರಿನ ಹರಿವು ಕಡಿಮೆಯಾದರೆ ಸಿರಪ್ ಹೆಚ್ಚಾಗುತ್ತದೆ, ಅಂಗಡಿಯ ಗೋಡೆಯ ಮೇಲೆ ಬರೆದ ಕ್ಯಾಲೊರಿ ಲೆಕ್ಕ ಅಲ್ಲಿಗೆ ತಪ್ಪಿತು. ಬಾಯಿಗಿಟ್ಟ ಕೂಡಲೇ ಅಂಟಂಟು ಅನ್ನಿಸಿದರೆ ವಾಪಸ್ ಕೊಡಿ, ಯಂತ್ರದ ಅಳತೆ ಸರಿಯಿಲ್ಲ.

ಇಂಥ ಕಪ್‌ಗೆ ಸರ್ಕಾರ ಕಡಿವಾಣ ಹಾಕಬೇಕೇ? ಹಾಕಬೇಕು, ಆದರೆ ಗಾತ್ರ ಹಿಡಿದು ಅಲ್ಲ. ನ್ಯೂಯಾರ್ಕ್ ನಗರದ ಆರೋಗ್ಯ ಮಂಡಳಿ 2012ರಲ್ಲಿ 16 ಔನ್ಸ್ ಮಿತಿ ತಂದಾಗ ಮೈಕೆಲ್ ಬ್ಲೂಮ್‌ಬರ್ಗ್ ಮೇಯರ್ ಆಗಿದ್ದರು. ಆ ಅಳತೆಯ ಲೆಕ್ಕ ಸರಿಯಾಗಿತ್ತು: 473 ಮಿ.ಲೀ. ಕೋಲಾದಲ್ಲಿ ಸರಿಸುಮಾರು 50 ಗ್ರಾಂ ಸಕ್ಕರೆ. ನಿಯಮದ ತುಂಬ ಮಾತ್ರ ತೂತುಗಳು. ಹೋಟೆಲ್, ಸಿನಿಮಾ ಮಂದಿರಗಳಿಗೆ ಅನ್ವಯ, ದಿನಸಿ ಅಂಗಡಿಗೆ ಇಲ್ಲ. ಅರ್ಧಕ್ಕಿಂತ ಹೆಚ್ಚು ಹಾಲಿರುವ ಪಾನೀಯಕ್ಕೆ ವಿನಾಯಿತಿ, ಅದರಲ್ಲಿ ಸಕ್ಕರೆ ಎಷ್ಟಿದ್ದರೂ ಸರಿ. ಚಿಕ್ಕ ಕಪ್ ಎರಡು ಕೊಂಡರೂ, ರೀಫಿಲ್ ಮಾಡಿಸಿಕೊಂಡರೂ ಕೇಳುವವರಿಲ್ಲ. ಜಾರಿಯಾಗುವ ಹಿಂದಿನ ದಿನ, 2013ರ ಮಾರ್ಚ್ 11ರಂದು, ನ್ಯಾಯಾಲಯ ಅದನ್ನು ತಡೆಯಿತು. 2014ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯವೂ ಮಂಡಳಿ ತನ್ನ ಅಧಿಕಾರ ಮೀರಿದೆ ಎಂದಿತು.

ಬ್ರಿಟನ್ ಕಪ್‌ನ ಗೊಡವೆಗೇ ಹೋಗಲಿಲ್ಲ. 2018ರ ಏಪ್ರಿಲ್‌ನಲ್ಲಿ ತಯಾರಕರ ಮೇಲೆ ಲೆವಿ, ಅಂದರೆ ಒಂದು ಬಗೆಯ ತೆರಿಗೆ, ಹಾಕಿತು: 100 ಮಿ.ಲೀ.ಗೆ 5 ಗ್ರಾಂ ಸಕ್ಕರೆಯಿಂದ ಲೀಟರ್‌ಗೆ 18 ಪೆನ್ಸ್, 8 ಗ್ರಾಂನಿಂದ 24 ಪೆನ್ಸ್. ಅನೇಕ ಕಂಪನಿಗಳು ಲೆವಿ ಬರುವ ಮುಂಚೆಯೇ ಸಕ್ಕರೆಯನ್ನು 5 ಗ್ರಾಂಗಿಂತ ಕೆಳಗೆ ಇಳಿಸಿದವು. ಗಿರಾಕಿ ಯಾವ ಅಳತೆಯ ಕಪ್ ಕೊಂಡರೂ ಒಳಗಿನದು ಬದಲಾಗಿತ್ತು. ಫ್ರಾನ್ಸ್ 2017ರಲ್ಲಿ ಸಿಹಿ ಪಾನೀಯಗಳ ಪುಕ್ಕಟೆ ರೀಫಿಲ್ ನಿಷೇಧಿಸಿತು. ನ್ಯೂಯಾರ್ಕ್ ಬಿಟ್ಟ ತೂತೇ ಅದು.

ಲೆವಿಗೂ ಒಂದು ಅಡ್ಡಪರಿಣಾಮವಿದೆ. ಸಕ್ಕರೆ ತೆಗೆದ ಜಾಗಕ್ಕೆ ಬಹುಪಾಲು ಕೃತಕ ಸಿಹಿಕಾರಕ ಬರುತ್ತದೆ. ಹಳೆಯ ಹೆಸರು, ಹಳೆಯ ಬಣ್ಣವೆಂದು ನಂಬದೆ ಲೇಬಲ್ ಓದಿ. 'ಒಂದು ಸರ್ವಿಂಗ್' ಸಾಲನ್ನು ಬಿಟ್ಟು 100 ಮಿ.ಲೀ. ಸಾಲನ್ನು ಒಟ್ಟು ಅಳತೆಗೆ ಗುಣಿಸಿ. ಆಸ್ಪರ್ಟೇಮ್ ಎಂಬ ಕೃತಕ ಸಿಹಿಕಾರಕ ಇದ್ದರೆ ಫಿನೈಲ್‌ಕೀಟೋನೂರಿಯಾ (ಫಿನೈಲ್‌ಅಲನಿನ್ ಎಂಬ ಅಂಶವನ್ನು ದೇಹ ಅರಗಿಸಿಕೊಳ್ಳಲಾಗದ ಆನುವಂಶಿಕ ಕಾಯಿಲೆ) ಇರುವವರು ಅದನ್ನು ಕುಡಿಯಬಾರದು.