ಆಸ್ಟಿಯೋಪಥಿಗೆ ಹೋಗುವವರ ಗಮನಕ್ಕೆ: ನನ್ನ ತಾಯಿಯವರ ಏಳು ನಿಮಿಷದ ಚಿಕಿತ್ಸೆ

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ತಲುಪಲು ನಮಗೆ ಎರಡು ತಾಸು ಹಿಡಿಯಿತು. ಅಲ್ಲಿ ಬಾಡಿಗೆಯ ಸಭಾಂಗಣದಲ್ಲಿ ಭಾನುವಾರ ಮಾತ್ರ ನಡೆಯುತ್ತಿದ್ದ ಆಸ್ಟಿಯೋಪಥಿ (ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದಲೇ ಒತ್ತಿ, ತಿರುಗಿಸಿ ಮಾಡುವ ಚಿಕಿತ್ಸೆ) ಶಿಬಿರದಲ್ಲಿ ನನ್ನ ತಾಯಿಯವರನ್ನು ನೋಡಿ ಕಳುಹಿಸಲು ಅಲ್ಲಿನ ಚಿಕಿತ್ಸಕರು ತೆಗೆದುಕೊಂಡದ್ದು ಏಳು ನಿಮಿಷ.

ಅಮ್ಮನಿಗೆ 68 ವರ್ಷ. ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿಯವರೆಗೂ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದ ಮೇಲೆ ಅವರ ಸೊಂಟ ಹಿಡಿದುಕೊಂಡಿತ್ತು. ಶಿಬಿರದಲ್ಲಿ ಹೆಸರು, ವಯಸ್ಸು ಬರೆದುಕೊಂಡು ಹತ್ತು ಭೇಟಿಗಳ ಹಣವನ್ನು ಮೊದಲೇ ಕಟ್ಟಿಸಿಕೊಂಡರು. ಎರಡು ತಿಂಗಳ ಹಿಂದೆ ಬಚ್ಚಲಿನಲ್ಲಿ ಜಾರಿ ಬಿದ್ದದ್ದನ್ನೂ, ಮೂಳೆ ಟೊಳ್ಳಾಗಿದೆಯೆಂದು ವಾರಕ್ಕೊಂದು ಮಾತ್ರೆ ನುಂಗುತ್ತಿರುವುದನ್ನೂ ಹೇಳಲು ನಾನು ಬಾಯಿ ತೆರೆದಾಗ “ಅದೆಲ್ಲ ಆಮೇಲೆ” ಎಂದು, ಅಮ್ಮನನ್ನು ಮಗ್ಗುಲಾಗಿ ಮಲಗಿಸಿ, ಭುಜ ಮತ್ತು ಸೊಂಟವನ್ನು ಒತ್ತಿ ಹಿಡಿದು, ನೆಟಿಗೆ ತೆಗೆದಂಥ ಶಬ್ದ ಬರುವವರೆಗೆ ತಿರುಚಿದರು. ಆಗ ನಾನು ತಡೆಯಬೇಕಿತ್ತು.

ಘಟ್ಟ ಹತ್ತುವಾಗಲೇ ಅಮ್ಮ ಸೀಟಿನಲ್ಲಿ ಕುಳಿತಿರಲಾರದೆ ನರಳತೊಡಗಿದರು. ಮೂರನೆಯ ದಿನ ತೆಗೆಸಿದ ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಒಂದು ಮಣಿ ಕುಸಿದಿರುವುದು ಕಂಡಿತು. ಅದು ಬಚ್ಚಲಿನಲ್ಲಿ ಬಿದ್ದಾಗ ಆದದ್ದೋ ತಿರುಚಿದಾಗ ಆದದ್ದೋ ಎಂದು ನಿಶ್ಚಯವಾಗಿ ಹೇಳಲಾಗದು, ಆದರೆ ಇಂಥ ಬೆನ್ನಿಗೆ ಯಾರೂ ಹಾಗೆ ಬಲ ಹಾಕಬಾರದಿತ್ತು ಎಂದು ಮೂಳೆ ವೈದ್ಯರು ಹೇಳಿದರು.

ಆಸ್ಟಿಯೋಪಥಿ 1874ರಲ್ಲಿ ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು ಆರಂಭಿಸಿದ ಪದ್ಧತಿ. ಬ್ರಿಟನ್ನಿನಲ್ಲಿ 1993ರ ಕಾಯ್ದೆಯಂತೆ ನೋಂದಣಿಯಿಲ್ಲದವರು ತಮ್ಮನ್ನು ಆಸ್ಟಿಯೋಪಥ್ ಎಂದು ಕರೆದುಕೊಳ್ಳುವುದೇ ಅಪರಾಧ. ಅಲ್ಲಿ ಮೊದಲ ಭೇಟಿ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಮುಂದಿನವು ಸುಮಾರು ಅರ್ಧ ಗಂಟೆ ನಡೆಯುತ್ತವೆ. ಮೊದಲ ಭೇಟಿಯ ಹೆಚ್ಚಿನ ಹೊತ್ತು ಕೈಚಿಕಿತ್ಸೆಗಲ್ಲ, ಮಾತಿಗೆ ಮತ್ತು ಪರೀಕ್ಷೆಗೆ ಸಲ್ಲುತ್ತದೆ ಎಂಬುದನ್ನು ದಯವಿಟ್ಟು ಗಮನಿಸಬೇಕು. ನೋವು ಎಂದಿನಿಂದ, ಬಿದ್ದದ್ದುಂಟೇ, ಜ್ವರವುಂಟೇ, ತೂಕ ಇಳಿದಿದೆಯೇ, ಯಾವ ಮಾತ್ರೆ ನಡೆಯುತ್ತಿದೆ ಎಂದೆಲ್ಲ ಕೇಳಿ, ನಿಲ್ಲಿಸಿ, ಬಾಗಿಸಿ, ಕಾಲಿನ ಬಲ ನೋಡಿ, ಏನು ಮಾಡಲಿದ್ದೇವೆಂದು ವಿವರಿಸಿ ಒಪ್ಪಿಗೆ ಪಡೆದ ಮೇಲೆಯೇ ಕೈ ಹಾಕುವುದು ಕ್ರಮ. ಪರೀಕ್ಷಿಸುವ ಮೊದಲೇ ಹತ್ತು ಭೇಟಿ ಬೇಕೆಂದು ಯಾರಿಗೂ ತಿಳಿಯುವುದು ಸಾಧ್ಯವಿಲ್ಲ.

ಚಿಕಿತ್ಸೆಯ ನಂತರ ಒಂದೆರಡು ದಿನ ಮೈಕೈ ನೋವಿರುವುದು ಸಹಜವೇ. ಆದರೆ ನೋವು ಏರುತ್ತಲೇ ಹೋದರೆ, ಕಾಲು ಮರಗಟ್ಟಿದರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ, ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಕುತ್ತಿಗೆಯನ್ನು ಥಟ್ಟನೆ ತಿರುಗಿಸುವುದರಿಂದ ಮಿದುಳಿಗೆ ಹೋಗುವ ರಕ್ತನಾಳಕ್ಕೆ ಪೆಟ್ಟಾಗಿ ಪಾರ್ಶ್ವವಾಯು ಬರುವ ಅಪಾಯ ಅಪರೂಪವಾದರೂ ಇದ್ದೇ ಇದೆ.

ನಮ್ಮ ರಾಜ್ಯದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ನೋಂದಣಿ ಪತ್ರ ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಆ ಸಭಾಂಗಣದ ಗೋಡೆಯ ಮೇಲೆ ಇದ್ದದ್ದು ಬಣ್ಣದ ಬ್ಯಾನರ್ ಒಂದೇ. ಆಸ್ಟಿಯೋಪಥಿ ಎಲ್ಲಿ ಕಲಿತಿರಿ, ಎಷ್ಟು ವರ್ಷ ಕಲಿತಿರಿ ಎಂದು ನಾನು ಕೇಳಿರಲಿಲ್ಲ. ಕೇಳುವುದು ಅವಿನಯವೆಂದು ಸುಮ್ಮನಿದ್ದೆ.

ಉಳಿದ ಒಂಬತ್ತು ಭೇಟಿಗಳ ಹಣ ವಾಪಸ್ಸು ಬಂದಿಲ್ಲ. ಕಾರವಾರದ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ದೂರು ಬರೆಯಲು ಕುಳಿತಾಗ ನನ್ನ ಬಳಿ ಇದ್ದದ್ದು ಸಹಿಯಾಗಲಿ ಮೊಹರಾಗಲಿ ಇಲ್ಲದ ಒಂದು ಚೀಟಿ, ಅದರ ಮೇಲೆ ಅಮ್ಮನ ಹೆಸರು, ವಯಸ್ಸು ಮತ್ತು ಕಟ್ಟಿದ ಮೊತ್ತ.