ಕೋಪನ್‌ಹೇಗನ್–ಮಾಲ್ಮೊ ರೈಲು: ಗಡಿ ದಾಟಿಸುವ ಸೇವೆಯೊಂದರ ವಿಮರ್ಶೆ

ಡೆನ್ಮಾರ್ಕ್ ಮತ್ತು ಸ್ವೀಡನ್ ದೇಶಗಳ ಸಂಬಂಧವನ್ನು ಅರಿಯಬಯಸುವವರು ಒಪ್ಪಂದಗಳ ಕಡತ ಬಿಚ್ಚುವುದಕ್ಕೆ ಮೊದಲು ಓರೆಸುಂಡ್ ಜಲಸಂಧಿಯನ್ನು ದಾಟುವ ಈ ರೈಲಿನಲ್ಲಿ ಒಮ್ಮೆ ಹೋಗಿಬರುವುದು ಒಳ್ಳೆಯದು. ಕೋಪನ್‌ಹೇಗನ್ ಮುಖ್ಯ ನಿಲ್ದಾಣದಲ್ಲಿ ಹತ್ತಿದವರು ಸುಮಾರು 40 ನಿಮಿಷಗಳಲ್ಲಿ ಮಾಲ್ಮೊ ನಗರದ ಕೇಂದ್ರದಲ್ಲಿ ಇಳಿಯುತ್ತಾರೆ. ಹಗಲಿನಲ್ಲಿ ಗಂಟೆಗೆ ಹಲವು ಗಾಡಿಗಳಿರುತ್ತವೆ. ಆಸನ ಕಾಯ್ದಿರಿಸುವ ಗೊಡವೆಯಿಲ್ಲ. ಬೆಳಗಿನ ಹೊತ್ತು ಮಾಲ್ಮೊ ಕಡೆಯಿಂದ ಹೊರಡುವ ಬೋಗಿಗಳಲ್ಲಿ ಎದ್ದು ಕಾಣುವವರು ಪ್ರವಾಸಿಗರಲ್ಲ, ಕೆಲಸಕ್ಕೆ ಹೊರಟವರು. ಮನೆ ಸ್ವೀಡನ್ನಿನಲ್ಲಿ, ದುಡಿಮೆ ಡೆನ್ಮಾರ್ಕಿನಲ್ಲಿ ಎಂಬ ಬದುಕು ಇಲ್ಲಿ ದಿನನಿತ್ಯದ ಸಂಗತಿ. ಅತ್ತ ಸಂಬಳ ಹೆಚ್ಚು, ಇತ್ತ ಮನೆಗಳು ಅಗ್ಗ. ಈ ಅಂತರವೇ ಬೋಗಿಗಳನ್ನು ತುಂಬಿಸುತ್ತದೆ.

ಈ ಸೇವೆಯ ದೊಡ್ಡ ಗುಣವೆಂದರೆ ಅದು ತನ್ನ ಕಷ್ಟವನ್ನು ಪ್ರಯಾಣಿಕನಿಗೆ ತೋರಗೊಡುವುದಿಲ್ಲ. ಡೆನ್ಮಾರ್ಕಿನ ವಿದ್ಯುದೀಕೃತ ಮುಖ್ಯ ಮಾರ್ಗಗಳು ಓಡುವುದು 25 ಕಿಲೋವೋಲ್ಟ್, 50 ಹರ್ಟ್ಸ್ ವಿದ್ಯುತ್ತಿನಲ್ಲಿ; ಸ್ವೀಡನ್ನಿನವು 15 ಕಿಲೋವೋಲ್ಟ್, 16.7 ಹರ್ಟ್ಸ್‌ನಲ್ಲಿ. ಸಂಕೇತ ವ್ಯವಸ್ಥೆಗಳೂ ಬೇರೆ ಬೇರೆ. ಡೆನ್ಮಾರ್ಕಿನ ರೈಲುಗಳು ಬಲಬದಿಯ ಹಳಿಯಲ್ಲಿ ಸಾಗಿದರೆ ಸ್ವೀಡನ್ನಿನವು ಎಡಬದಿಯಲ್ಲಿ ಸಾಗುತ್ತವೆ. (ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ರಸ್ತೆ ಸಂಚಾರವನ್ನು ಎಡದಿಂದ ಬಲಕ್ಕೆ ಬದಲಾಯಿಸಿತು, ರೈಲನ್ನು ಮಾತ್ರ ಮುಟ್ಟಲಿಲ್ಲ.) ಹೀಗೆ ಎರಡೂ ದೇಶಗಳ ವಿದ್ಯುತ್ತನ್ನು ಉಣ್ಣಬಲ್ಲ, ಎರಡೂ ದೇಶಗಳ ಸಂಕೇತಗಳನ್ನು ಓದಬಲ್ಲ ಗಾಡಿಗಳನ್ನು ಇದಕ್ಕೆಂದೇ ಸಿದ್ಧಪಡಿಸಬೇಕಾಯಿತು. ಕಿಟಕಿಯ ಬಳಿ ಕುಳಿತವರಿಗೆ ಇದಾವುದೂ ತಿಳಿಯುವುದಿಲ್ಲ. ಒಂದು ಸೇವೆಯ ಬಗ್ಗೆ ಇದಕ್ಕಿಂತ ದೊಡ್ಡ ಮೆಚ್ಚುಗೆಯ ಮಾತು ನನಗೆ ತೋಚುವುದಿಲ್ಲ.

ಹಾದಿಯನ್ನೇ ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು. ಕೋಪನ್‌ಹೇಗನ್‌ನ ಕಾಸ್ಟ್ರುಪ್ ವಿಮಾನ ನಿಲ್ದಾಣವನ್ನು ಬಿಟ್ಟ ರೈಲು ಮೊದಲು ಸುಮಾರು 4 ಕಿಲೋಮೀಟರ್ ಉದ್ದದ ಸುರಂಗವನ್ನು ಹೊಗುತ್ತದೆ. ಅಲ್ಲಿಯೂ ಸೇತುವೆಯನ್ನೇ ಕಟ್ಟಿದ್ದರೆ ಅದರ ಗೋಪುರಗಳು ವಿಮಾನಗಳ ದಾರಿಗೆ ಅಡ್ಡಬರುತ್ತಿದ್ದವು. ಸುರಂಗ ಮುಗಿದಾಗ ಗಾಡಿ ಪೆಬರ್‌ಹೋಲ್ಮ್ ಎಂಬ ದ್ವೀಪದ ಮೇಲೆ ಬೆಳಕಿಗೆ ಬರುತ್ತದೆ. ಸಮುದ್ರದ ತಳದಿಂದ ಅಗೆದು ತೆಗೆದ ಮಣ್ಣು ಕಲ್ಲುಗಳನ್ನು ಬಳಸಿ ಮನುಷ್ಯರು ಮಾಡಿದ ದ್ವೀಪ ಇದು. ಪಕ್ಕದ ಸಹಜ ದ್ವೀಪದ ಹೆಸರು ಸಾಲ್ಟ್‌ಹೋಲ್ಮ್, ಅಂದರೆ ಉಪ್ಪಿನ ದ್ವೀಪ. ಅದಕ್ಕೆ ಜೋಡಿಯಾಗಿ ಇದಕ್ಕೆ ಮೆಣಸಿನ ದ್ವೀಪವೆಂದು ಹೆಸರಿಟ್ಟರು. ಇಲ್ಲಿ ಯಾವುದನ್ನೂ ನೆಡದೆ, ಜನರನ್ನೂ ಬಿಡದೆ, ಪ್ರಕೃತಿಯ ಪಾಡಿಗೆ ಬಿಟ್ಟಿದ್ದರಿಂದ ನೂರಾರು ಬಗೆಯ ಸಸ್ಯಗಳು ತಾವಾಗಿಯೇ ಬೇರೂರಿವೆ. ಅಪರೂಪದ ಹಸಿರು ನೆಲಗಪ್ಪೆಯೂ ಬಂದು ನೆಲೆಸಿದೆ. ಅಲ್ಲಿಂದ ಮುಂದೆ 7.8 ಕಿಲೋಮೀಟರ್ ಉದ್ದದ ಸೇತುವೆ. ಅದರ ಗೋಪುರಗಳು 204 ಮೀಟರ್ ಎತ್ತರ, ಗೋಪುರಗಳ ನಡುವಿನ ಮುಖ್ಯ ಹರವು 490 ಮೀಟರ್.

ಈ ವೈಭವವು ರೈಲಿನ ಪ್ರಯಾಣಿಕನಿಗೆ ಪೂರ್ತಿ ದಕ್ಕುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮೇಲಂತಸ್ತು ಹೆದ್ದಾರಿಗೆ, ಕೆಳಗಿನದು ಹಳಿಗಳಿಗೆ ಮೀಸಲು. ಆದ್ದರಿಂದ ಸಮುದ್ರವು ಓರೆಯಾಗಿ ನಿಂತ ಉಕ್ಕಿನ ತೊಲೆಗಳ ನಡುವೆ ತುಂಡು ತುಂಡಾಗಿ ಕಾಣುತ್ತದೆ. ಗೋಪುರಗಳನ್ನು ನೋಡಬೇಕೆಂದರೆ ದಡದಲ್ಲಿ ನಿಂತೇ ನೋಡಬೇಕು.

ಈ ಹಾದಿ ಸುಲಭವಾಗಿ ಕೂಡಿಬಂದದ್ದಲ್ಲ. ಮಾಲ್ಮೊ ಇರುವ ಸ್ಕೋನೆ ಪ್ರಾಂತ್ಯವು 1658ರ ರಾಸ್‌ಕಿಲ್ಡೆ ಒಪ್ಪಂದದವರೆಗೆ ಡೆನ್ಮಾರ್ಕಿನದಾಗಿತ್ತು. ಆಮೇಲೆಯೂ ಅದಕ್ಕಾಗಿ ಎರಡೂ ರಾಜ್ಯಗಳು ಕಾದಾಡಿದವು. ಸೇತುವೆಯ ಒಪ್ಪಂದಕ್ಕೆ ಸರ್ಕಾರಗಳು ಸಹಿ ಹಾಕಿದ್ದು 1991ರ ಮಾರ್ಚ್‌ನಲ್ಲಿ. ಬಾಲ್ಟಿಕ್ ಸಮುದ್ರಕ್ಕೆ ಉಪ್ಪುನೀರಿನ ಹರಿವು ತಗ್ಗಿದರೆ ಅಲ್ಲಿನ ಜೀವಿಗಳ ಗತಿಯೇನು ಎಂಬ ಪ್ರಶ್ನೆ ಸ್ವೀಡನ್ನಿನಲ್ಲಿ ಎಷ್ಟು ತೀವ್ರವಾಗಿತ್ತೆಂದರೆ, ಪರಿಸರ ಸಚಿವ ಊಲೋಫ್ ಯೋಹಾನ್ಸನ್ 1994ರಲ್ಲಿ ಇದೇ ಕಾರಣಕ್ಕೆ ಸರ್ಕಾರದಿಂದ ಹೊರನಡೆದರು. ಆ ಆತಂಕ ವ್ಯರ್ಥವಾಗಲಿಲ್ಲ. ಕಟ್ಟಡವು ತಡೆಯುವಷ್ಟು ನೀರಿಗೆ ಬದಲು ದಾರಿ ಸಿಗುವಂತೆ ಸಮುದ್ರದ ತಳವನ್ನು ಅಗೆದು ಹರಿವನ್ನು ಸರಿದೂಗಿಸಿದರು. 2000ದ ಜುಲೈ 1ರಂದು ಡೆನ್ಮಾರ್ಕಿನ ರಾಣಿ ಎರಡನೆಯ ಮಾರ್ಗರೆಟೆ ಮತ್ತು ಸ್ವೀಡನ್ನಿನ ದೊರೆ ಹದಿನಾರನೆಯ ಕಾರ್ಲ್ ಗುಸ್ತಾಫ್ ಒಟ್ಟಿಗೆ ಸೇತುವೆಯನ್ನು ಉದ್ಘಾಟಿಸಿದರು. ಒಡೆತನ ಎರಡೂ ದೇಶಗಳಿಗೆ ಸಮಪಾಲು. ಕಟ್ಟಲು ತಂದ ಸಾಲಕ್ಕೆ ಎರಡೂ ಸರ್ಕಾರಗಳು ಹೊಣೆ ನಿಂತಿದ್ದು, ವಾಹನಗಳ ಸುಂಕ ಮತ್ತು ರೈಲುಮಾರ್ಗದ ಬಾಬ್ತಿನ ಶುಲ್ಕದಿಂದ ಅದನ್ನು ತೀರಿಸಲಾಗುತ್ತಿದೆ.

ಮಾಲ್ಮೊ ಪಾಲಿಗೆ ಈ ಸೇವೆ ಬಂದ ಹೊತ್ತು ಮುಖ್ಯವಾದುದು. ಹಡಗು ಕಟ್ಟುವ ಕೊಕುಮ್ಸ್ ಕಾರ್ಖಾನೆಯ ಕೆಲಸ ಕುಸಿದು, ಊರಿನ ಗುರುತಾಗಿದ್ದ ಅದರ ದೈತ್ಯ ಕ್ರೇನನ್ನು 2002ರಲ್ಲಿ ಕೊರಿಯಾಕ್ಕೆ ಸಾಗಿಸಿದ ಕಾಲವದು. 2010ರ ಡಿಸೆಂಬರಿನಲ್ಲಿ ನಗರದಡಿಯ ಸುರಂಗ ಮಾರ್ಗ ತೆರೆದ ಮೇಲೆ ಹಿಲ್ಲಿಯೆ ಮತ್ತು ತ್ರಿಯಾಂಗೆಲ್ನ್ ನಿಲ್ದಾಣಗಳು ಸೇರಿಕೊಂಡವು. ಹಿಲ್ಲಿಯೆಯಿಂದ ಕಾಸ್ಟ್ರುಪ್‌ಗೆ ಕಾಲು ಗಂಟೆಯೂ ಹಿಡಿಯುವುದಿಲ್ಲ. ದಕ್ಷಿಣ ಸ್ವೀಡನ್ನಿನ ಜನ ನೆರೆದೇಶದ ಆ ವಿಮಾನ ನಿಲ್ದಾಣವನ್ನು ತಮ್ಮದೆಂಬಂತೆ ಬಳಸುತ್ತಾರೆ.

ಕೊರತೆಗಳಲ್ಲಿ ಸಣ್ಣವು ಸಹಿಸಬಹುದಾದವು. ಎರಡೂ ದೇಶಗಳ ಹಣಕ್ಕೆ ಕ್ರೋನ್ ಎಂಬ ಒಂದೇ ಬಗೆಯ ಹೆಸರಿದ್ದರೂ ಬೆಲೆ ಬೇರೆ. ಬೆಲೆಪಟ್ಟಿ ಓದುವಾಗ ಎಚ್ಚರವಿರಬೇಕು. ಟಿಕೆಟ್ಟನ್ನು ಹತ್ತುವ ಮೊದಲೇ ಕೊಳ್ಳಬೇಕು. ಮೊದಲ ಸಲ ಹೋದಾಗ ಯಂತ್ರದ ಮುಂದೆ ನಾನು ತಡಬಡಾಯಿಸಿ ಒಂದು ಗಾಡಿಯನ್ನು ತಪ್ಪಿಸಿಕೊಂಡೆ; ಮುಂದಿನದು ಬೇಗನೆ ಬಂದದ್ದರಿಂದ ಬೇಸರವಾಗಲಿಲ್ಲ.

ದೊಡ್ಡ ದೂರು ರೈಲಿನ ಮೇಲಲ್ಲ, ಸರ್ಕಾರಗಳ ಮೇಲೆ. ನಾರ್ಡಿಕ್ ದೇಶಗಳು ತಮ್ಮ ಪ್ರಜೆಗಳಿಗೆ ಪಾಸ್‌ಪೋರ್ಟ್ ಇಲ್ಲದ ಸಂಚಾರವನ್ನು 1950ರ ದಶಕದಲ್ಲಿಯೇ ಒದಗಿಸಿದ್ದವು. ಆದರೆ 2015ರ ನವೆಂಬರ್‌ನಲ್ಲಿ, ನಿರಾಶ್ರಿತರು ದೊಡ್ಡ ಸಂಖ್ಯೆಯಲ್ಲಿ ಬರುತ್ತಿದ್ದಾಗ, ಸ್ವೀಡನ್ ಗಡಿ ತಪಾಸಣೆಯನ್ನು ಮರಳಿ ತಂದಿತು. 2016ರ ಜನವರಿ 4ರಿಂದ ಪ್ರಯಾಣಿಕರ ಗುರುತಿನ ಚೀಟಿಯನ್ನು ಸಾರಿಗೆ ಸಂಸ್ಥೆಗಳೇ ನೋಡಬೇಕೆಂಬ ನಿಯಮ ಬಂದು, ಸ್ವೀಡನ್ನಿಗೆ ಹೊರಟವರು ಕಾಸ್ಟ್ರುಪ್‌ನಲ್ಲಿ ಇಳಿದು, ಚೀಟಿ ತೋರಿಸಿ, ಬೇರೆ ಗಾಡಿ ಹತ್ತಬೇಕಾಯಿತು. ಆ ನಿಯಮ 2017ರ ಮೇ ತಿಂಗಳವರೆಗೆ ನಡೆಯಿತು. 2019ರಲ್ಲಿ ಕೋಪನ್‌ಹೇಗನ್‌ನಲ್ಲಿ ಸ್ಫೋಟಗಳಾದ ಬಳಿಕ ಡೆನ್ಮಾರ್ಕ್ ಸಹ ಸ್ವೀಡನ್ ಕಡೆಯ ಗಡಿಯಲ್ಲಿ ತಪಾಸಣೆ ಆರಂಭಿಸಿತು. 2020ರ ಮಾರ್ಚ್‌ನಲ್ಲಿ ಸಾಂಕ್ರಾಮಿಕದ ಕಾರಣಕ್ಕೆ ಗಡಿಯನ್ನು ಮುಚ್ಚಿತು. ಆ ಗಡಿ ಮಾಯವಾಗಿದೆಯೆಂದು ನಂಬಿ ಒಂದು ದಡದಲ್ಲಿ ಮನೆ, ಇನ್ನೊಂದು ದಡದಲ್ಲಿ ಉದ್ಯೋಗ ಮಾಡಿಕೊಂಡವರ ದಿನಚರಿ ಒಂದು ಆದೇಶದಿಂದ ಕದಡಿಹೋಯಿತು. ಸೇತುವೆಯನ್ನು ಕಟ್ಟುವಾಗ ಒಟ್ಟಿಗೆ ಕುಳಿತ ಎರಡು ಸರ್ಕಾರಗಳು ತಪಾಸಣೆಯ ವಿಷಯದಲ್ಲೂ ಹಾಗೆಯೇ ಕುಳಿತು, ಗಾಡಿ ನಿಲ್ಲದಂತೆ ದಾರಿ ಹುಡುಕಬೇಕಾಗಿತ್ತೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಹೊಸದಾಗಿ ಹೋಗುವವರಿಗೆ ಎರಡು ಮಾತು. ಪೌರತ್ವ ಯಾವುದೇ ಇರಲಿ, ಪಾಸ್‌ಪೋರ್ಟ್ ಅಥವಾ ತಕ್ಕ ಗುರುತಿನ ದಾಖಲೆ ಜೊತೆಗಿರಲಿ. ಸ್ವೀಡನ್ನಿನ ಮೊದಲ ನಿಲ್ದಾಣವಾದ ಹಿಲ್ಲಿಯೆಯಲ್ಲಿ ಪೊಲೀಸರು ಹತ್ತಿ ಕೇಳಬಹುದು. ಕೆಲಸಕ್ಕೆ ಹೋಗಿಬರುವವರ ಹೊತ್ತನ್ನು ಬಿಟ್ಟು, ಬೆಳಿಗ್ಗೆ ಹತ್ತರ ನಂತರ ಹೊರಟರೆ ಕಿಟಕಿಯ ಪಕ್ಕ ಜಾಗ ಸಿಕ್ಕೀತು. ಸುರಂಗ ಮುಗಿದ ಕೂಡಲೇ ಹೊರಗೆ ನೋಡಿ, ಮೆಣಸಿನ ದ್ವೀಪ ಕಣ್ಣಿಗೆ ಬಿದ್ದಷ್ಟೇ ಬೇಗ ಹಿಂದೆ ಸರಿಯುತ್ತದೆ.